ಮಣ್ಣಿನ ಬ್ಯಾಕ್ಟೀರಿಯ: ಗುರುತು, ವರ್ಗೀಕರಣ, ನಾಮಕರಣ

ಆರಂಭದ ಗರಿಗಳು ಮುರಿದುಹೋದ, ಕೊನೆಯ ಪುಷ್ಪಿಕೆಯೂ ಕಳೆದುಹೋದ ಓಲೆಯ ಕಟ್ಟೊಂದು ದೊರೆತಾಗ ಗ್ರಂಥಸಂಪಾದಕನು ಮೂರು ಪ್ರಶ್ನೆಗಳನ್ನು ಎದುರಿಸಬೇಕಾಗುತ್ತದೆ. ಇದು ಈಗಾಗಲೇ ತಿಳಿದಿರುವ ಕೃತಿಯ ಇನ್ನೊಂದು ಪ್ರತಿಯೆ? ತಿಳಿದ ಕೃತಿಯ ಬೇರೊಂದು ಪಾಠಪರಂಪರೆಗೆ ಸೇರಿದುದೆ? ಅಥವಾ ಇದುವರೆಗೆ ಯಾರೂ ಕಾಣದ ಹೊಸ ಕೃತಿಯೆ? ಮೂರನೆಯ ಉತ್ತರ ಆಕರ್ಷಕವಾದುದು. ಆದರೆ ಮೊದಲ ಎರಡನ್ನು ಸಾಧಾರವಾಗಿ ನಿರಾಕರಿಸಿದ ಮೇಲೆ ಮಾತ್ರ ಅದನ್ನು ಹೇಳುವ ಅಧಿಕಾರ ಸಂಪಾದಕನಿಗೆ ಬರುತ್ತದೆ. ಹಿಡಿ ಮಣ್ಣಿನಿಂದ ಬ್ಯಾಕ್ಟೀರಿಯವೊಂದನ್ನು ಬೇರ್ಪಡಿಸಿ ಅದನ್ನು ಹೊಸ ಪ್ರಭೇದವೆಂದು ಸಾರಲು ಹೊರಟ ಸೂಕ್ಷ್ಮಜೀವಿವಿಜ್ಞಾನಿಯ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾದುದಲ್ಲ.

ಹೊಸ ಬ್ಯಾಕ್ಟೀರಿಯವನ್ನು ಕಾಣುವುದು ಕಷ್ಟವಲ್ಲ. ಅದು ಹೊಸದೆಂದು ಸ್ಥಾಪಿಸುವುದು ಕಷ್ಟ. ಸ್ಥಾಪಿಸಿದ ಹೆಸರು ಮುಂದಿನ ತಲೆಮಾರುಗಳಲ್ಲಿಯೂ ಅದೇ ಜೀವಿಯನ್ನು ಸೂಚಿಸುವಂತೆ ನೋಡಿಕೊಳ್ಳುವುದು ಇನ್ನೂ ಕಷ್ಟ. ಈ ಮಾತನ್ನು ಭಾರತದ ಮಣ್ಣಿನ ಒಂದು ಜೀವಿಯ ಚರಿತ್ರೆಯ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಷಯಪ್ರವೇಶಕ್ಕೆ ಮುನ್ನ ಪರಿಭಾಷೆಯ ಬಗ್ಗೆ ಒಂದೆರಡು ಮಾತು ಅಗತ್ಯ. ಕನ್ನಡದ ಕೃಷಿ ಸಾಹಿತ್ಯದಲ್ಲಿ ಬ್ಯಾಕ್ಟೀರಿಯಕ್ಕೆ 'ದುಂಡಾಣು' ಎಂಬ ಮಾತು ಬಳಕೆಯಲ್ಲಿದೆ. ಶಬ್ದ ಸೊಗಸಾದುದೇ; ಆದರೆ ಈ ಜೀವಿಗಳಲ್ಲಿ ಅನೇಕವು ದುಂಡಗಿಲ್ಲ, ಕಡ್ಡಿಯ ಆಕಾರದವು. ಇಲ್ಲಿ ವಿವರಿಸುವ ಜೀವಿಯೂ ಅಂಥದೇ. ಆದ್ದರಿಂದ ಇಲ್ಲಿ 'ಬ್ಯಾಕ್ಟೀರಿಯ' ಎಂಬ ರೂಪವನ್ನೇ ಇಟ್ಟುಕೊಳ್ಳಲಾಗಿದೆ. ಎರಡು ಪದಗಳ ವೈಜ್ಞಾನಿಕ ನಾಮದಲ್ಲಿ ಮೊದಲನೆಯದು 'ಕುಲ'ವನ್ನೂ ಎರಡನೆಯದು ಆ ಕುಲದೊಳಗಿನ 'ಪ್ರಭೇದ'ವನ್ನೂ ಸೂಚಿಸುತ್ತವೆ. ಒಂದು ಸ್ಥಳದಿಂದ ಒಮ್ಮೆ ಬೇರ್ಪಡಿಸಿ ಬೆಳೆಸಿಕೊಂಡು ಬಂದ ಜೀವಿಸಂತಾನ 'ತಳಿ' ಎನಿಸುತ್ತದೆ.

ಮಣ್ಣು ಮತ್ತು ಅದರ ನಿವಾಸಿಗಳು

ತಿರುವನಂತಪುರದಿಂದ ಕೊಚ್ಚಿ, ಕಾಸರಗೋಡು, ಮಂಗಳೂರುಗಳ ಮೂಲಕ ಉತ್ತರಕ್ಕೆ ಹಬ್ಬಿರುವ ಪಶ್ಚಿಮ ಕರಾವಳಿಯ ಬಹುಭಾಗದಲ್ಲಿ ನೆಲದ ಅಡಿಯಿರುವುದು ಮುರಕಲ್ಲು. ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಪ್ರವಾಸ ಮಾಡಿ 1807ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಇಂದಿನ ಮಲಪ್ಪುರಂ ಜಿಲ್ಲೆಯ ಅಂಗಡಿಪ್ಪುರದಲ್ಲಿ ಕಂಡ ಈ ಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರನ್ನು ಕೊಟ್ಟನು. ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಸ್ಥಳೀಯರು ಅದನ್ನು 'ಇಟ್ಟಿಗೆ ಕಲ್ಲು' ಎಂದು ಕರೆಯುತ್ತಿದ್ದುದನ್ನು ಅವನೇ ದಾಖಲಿಸಿದ್ದಾನೆ. ಎಂದರೆ ಇಂದು ಜಗತ್ತಿನ ಭೂವಿಜ್ಞಾನವೆಲ್ಲ ಬಳಸುವ ಆ ಪಾರಿಭಾಷಿಕ ಪದ ನಮ್ಮ ನಾಡುಗಳ ಒಂದು ಮಾತಿನ ಲ್ಯಾಟಿನ್ ಅನುವಾದವೇ ಆಗಿದೆ.

ಮಳೆ ಹೆಚ್ಚಾದ ಈ ಕೆಂಪು ನೆಲದ ಮಣ್ಣು ಸಾಮಾನ್ಯವಾಗಿ ಆಮ್ಲಗುಣವುಳ್ಳದ್ದು. ಇಂಥ ಮಣ್ಣಿನಲ್ಲಿ ಬಾಳುವ ಜೀವಿಗಳೂ ಅದಕ್ಕೆ ಹೊಂದಿಕೊಂಡಂಥವು. 1939ರಲ್ಲಿ ಸ್ಟಾರ್ಕಿ ಮತ್ತು ಡೇ ಎಂಬ ವಿಜ್ಞಾನಿಗಳು ಭಾರತದ ಮಣ್ಣಿನಿಂದ ಬೇರ್ಪಡಿಸಿ 'ಅಜೋಟೊಬ್ಯಾಕ್ಟರ್ ಇಂಡಿಕಮ್' ಎಂದು ಕರೆದ ಸಾರಜನಕ ಸ್ಥಿರೀಕರಿಸುವ ಬ್ಯಾಕ್ಟೀರಿಯ ಆಮ್ಲವನ್ನು ಚೆನ್ನಾಗಿ ಸಹಿಸುತ್ತದೆ. ಈ ಗುಣವೂ ಸೇರಿದಂತೆ ಹಲವು ಭೇದಗಳನ್ನು ಗಮನಿಸಿ ಡರ್ಕ್ಸ್ ಎಂಬ ವಿದ್ವಾಂಸನು 1950ರಲ್ಲಿ ಅದನ್ನು 'ಬೈಜೆರಿಂಕಿಯ' ಎಂಬ ಹೊಸ ಕುಲಕ್ಕೆ ಒಯ್ದನು. ಕುಲ ಬದಲಾದರೂ 'ಇಂಡಿಕ' ಎಂಬ ವಿಶೇಷಣ ಉಳಿದುಕೊಂಡಿತು.

ಕೊಚ್ಚಿ ನಗರದ ಎಡಪ್ಪಳ್ಳಿಯ ಒಂದು ಹಿತ್ತಿಲಿನಿಂದಲೋ ಕಾಸರಗೋಡಿನ ಒಂದು ಕಂಗಿನ ತೋಟದಿಂದಲೋ ಒಬ್ಬ ಸಂಶೋಧಕ ಒಂದು ಹಿಡಿ ಮಣ್ಣನ್ನು ತಂದನೆಂದು ಭಾವಿಸೋಣ. ಅದರ ಒಂದು ಗ್ರಾಮಿನಲ್ಲಿಯೇ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳಿರುತ್ತವೆ. ಮಣ್ಣನ್ನು ಶುದ್ಧ ನೀರಿನಲ್ಲಿ ಕದಡಿ, ಆ ನೀರನ್ನು ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ಎಂದು ಕ್ರಮವಾಗಿ ತೆಳುಗೊಳಿಸಿ, ಕಡಲಕಳೆಯಿಂದ ತೆಗೆದ ಅಗರ್ ಎಂಬ ಅಂಟಿನಿಂದ ಗಟ್ಟಿಗೊಳಿಸಿದ ಪೋಷಕದ ಮೇಲೆ ಹರಡಿದರೆ, ಬೇರೆಬೇರೆಯಾಗಿ ಬಿದ್ದ ಒಂದೊಂದು ಕೋಶವೂ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ. ಈ ಚುಕ್ಕೆಗೆ 'ಕಾಲೊನಿ' ಎಂದು ಹೆಸರು. ಒಂದು ಕಾಲೊನಿಯಿಂದ ಮತ್ತೆ ಮತ್ತೆ ಗೀರಿ ಬೆಳೆಸಿದರೆ ದೊರೆಯುವುದು ಶುದ್ಧ ತಳಿ. ರಾಬರ್ಟ್ ಕಾಕ್‌ನ ಪ್ರಯೋಗಾಲಯದಲ್ಲಿ 1880ರ ದಶಕದಲ್ಲಿ ರೂಪುಗೊಂಡ ಈ ವಿಧಾನ ಇಂದಿಗೂ ಮೂಲಭೂತವಾಗಿಯೇ ಉಳಿದಿದೆ.

ಆದರೆ ಸೂಕ್ಷ್ಮದರ್ಶಕದಲ್ಲಿ ಎಣಿಸಿದಾಗ ಕಾಣುವ ಕೋಶಗಳಲ್ಲಿ ಹೀಗೆ ತಟ್ಟೆಯ ಮೇಲೆ ಬೆಳೆಯುವವು ಶೇಕಡ ಒಂದರ ಆಸುಪಾಸು ಮಾತ್ರ. ಉಳಿದವುಗಳಿಗೆ ಬೇಕಾದ ಆಹಾರ, ಸಹವಾಸ, ಕಾಲಾವಧಿಗಳನ್ನು ಪ್ರಯೋಗಾಲಯ ಒದಗಿಸಲಾರದು. ಹೀಗಾಗಿ ಮಣ್ಣಿನ ಜೀವಿಗಳ ಬಗ್ಗೆ ತಿಳಿದಿರುವುದೆಲ್ಲ ಬಹುಮಟ್ಟಿಗೆ ತಟ್ಟೆಯ ಮೇಲೆ ಬೆಳೆಯಲು ಒಪ್ಪಿದವುಗಳ ಬಗ್ಗೆ ಮಾತ್ರ.

ಎರೆಹುಳುವಿನ ಒಡಲಿನ ಜೀವಿ

ಬೇಕಾದ ಜೀವಿಯನ್ನು ಹುಡುಕಲು ಇನ್ನೊಂದು ದಾರಿಯುಂಟು. ಅದೆಂದರೆ, ಆ ಜೀವಿಯಲ್ಲದೆ ಬೇರಾವುದೂ ತಿನ್ನಲಾರದ ಆಹಾರವನ್ನಷ್ಟೇ ಒಡ್ಡಿ ಕಾಯುವುದು. ಕರಾವಳಿಯ ಅಡುಗೆಮನೆಯಲ್ಲಿ ಕೆಸುವಿನ ಎಲೆಯಿಂದ ಪತ್ರೊಡೆ ಮಾಡುವವರು ಹುಣಸೆಹುಳಿಯನ್ನು ಧಾರಾಳವಾಗಿ ಬಳಸುವುದುಂಟು. ಇಲ್ಲವಾದರೆ ಬಾಯಿ ತುರಿಸುತ್ತದೆ. ಎಲೆಯೊಳಗೆ ಸೂಜಿಗಳಂತೆ ಕಟ್ಟಿಕೊಂಡಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಈ ತುರಿಕೆಗೆ ಒಂದು ಮುಖ್ಯ ಕಾರಣ. ಸುವರ್ಣಗಡ್ಡೆಯ ತುರಿಕೆಯ ಹಿಂದೆಯೂ ಇವೇ ಇವೆ. ಸಸ್ಯಜಗತ್ತಿನಲ್ಲಿ ಆಕ್ಸಲೇಟ್ ಬಹಳ ವ್ಯಾಪಕವಾದುದು. ಎಲೆ ಉದುರಿ ಕೊಳೆತಾಗ ಅದು ಮಣ್ಣಿಗೆ ಸೇರುತ್ತದೆ. ನೀರಿನಲ್ಲಿ ಬಹುತೇಕ ಕರಗದ ಈ ವಸ್ತು ನೆಲದಲ್ಲಿ ರಾಶಿ ಬೀಳದಿರುವುದಕ್ಕೆ ಕಾರಣ, ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಗಳು ಅಲ್ಲಿರುವುದೇ.

ಇಂಥ ಜೀವಿಗಳನ್ನು ಹುಡುಕುವವರು ಪೋಷಕದಲ್ಲಿ ಇಂಗಾಲದ ಮೂಲವಾಗಿ ಕ್ಯಾಲ್ಸಿಯಂ ಆಕ್ಸಲೇಟನ್ನು ಮಾತ್ರ ಬೆರೆಸುತ್ತಾರೆ. ಅದು ಕರಗದೆ ಇರುವುದರಿಂದ ತಟ್ಟೆ ಹಾಲಿನಂತೆ ಮಸುಕಾಗಿ ಕಾಣುತ್ತದೆ. ಅದನ್ನು ತಿನ್ನಬಲ್ಲ ಬ್ಯಾಕ್ಟೀರಿಯ ಬೆಳೆದಲ್ಲಿ ಸುತ್ತಲಿನ ಮಸುಕು ಕರಗಿ ತಿಳಿಯಾದ ವಲಯವೊಂದು ಮೂಡುತ್ತದೆ. ಹುಡುಕುವ ಜೀವಿ ತನ್ನನ್ನು ತಾನೇ ತೋರಿಸಿಕೊಳ್ಳುವ ಉಪಾಯವಿದು.

ಪೋಲೆಂಡಿನ ವಿಜ್ಞಾನಿ ಬಸಾಲಿಕ್ 1913ರಲ್ಲಿ ಎರೆಹುಳುವಿನ ಹೊಟ್ಟೆಯ ಮೂಲಕ ಹಾದುಬಂದ ಮಣ್ಣಿನಲ್ಲಿ ಆಕ್ಸಲೇಟ್ ತಿನ್ನುವ ಬ್ಯಾಕ್ಟೀರಿಯವನ್ನು ಕಂಡು ಅದಕ್ಕೆ 'ಬ್ಯಾಸಿಲಸ್ ಎಕ್ಸ್‌ಟಾರ್ಕ್ವೆನ್ಸ್' ಎಂದು ಹೆಸರಿಟ್ಟಿದ್ದನು. ಎರೆಹುಳು ಮಣ್ಣನ್ನೂ ಕೊಳೆತ ಎಲೆಯನ್ನೂ ಒಟ್ಟಿಗೆ ನುಂಗುವ ಜೀವಿಯಾದ್ದರಿಂದ ಅದರ ಅನ್ನನಾಳವನ್ನು ಚಲಿಸುವ ಮಣ್ಣೆಂದೇ ಹೇಳಬಹುದು. ಭಾರತದಲ್ಲಿ ಈ ದಿಕ್ಕಿನಲ್ಲಿ ಕೆಲಸ ಮಾಡಿದವರಲ್ಲಿ ಪ್ರಮುಖರು ಜೆ. ವಿ. ಭಟ್. ಅವರು ಅಮೆರಿಕೆಯ ಎಚ್. ಎ. ಬಾರ್ಕರ್ ಅವರೊಡನೆ 1948ರಲ್ಲಿಯೇ ಆಕ್ಸಲೇಟನ್ನು ವಿಭಜಿಸುವ ಬ್ಯಾಕ್ಟೀರಿಯವೊಂದನ್ನು ಕುರಿತು ಬರೆದಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಸೇವೆ ಸಲ್ಲಿಸಿದರು. 1953ರಲ್ಲಿ ಎಸ್. ಆರ್. ಖಂಬಾಟ ಮತ್ತು ಭಟ್ ಭಾರತದ ಎರೆಹುಳುವಿನ ಅನ್ನನಾಳದಿಂದ ಬೇರ್ಪಡಿಸಿದ ಹೊಸ ಜೀವಿಯೊಂದನ್ನು ವರ್ಣಿಸಿ 'ಸ್ಯೂಡೊಮೊನಾಸ್ ಆಕ್ಸಲಾಟಿಕಸ್' ಎಂದು ಕರೆದರು. ಆ ತಳಿಯ ಗುರುತು 'ಆಕ್ಸ್ 1'.

ಈ ತಳಿ ಬೇಗನೆ ವಿದ್ವಲ್ಲೋಕದ ಗಮನ ಸೆಳೆಯಿತು. ಕ್ವೇಲ್ ಮತ್ತು ಕೀಚ್ 1959ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದರ ಎರಡು ಮುಖಗಳು ಪ್ರಕಟವಾದವು. ಫಾರ್ಮೇಟ್ ಎಂಬ ಸರಳ ಲವಣವನ್ನು ಆಹಾರವಾಗಿ ಕೊಟ್ಟಾಗ ಅದು ಹಸಿರು ಸಸ್ಯಗಳು ಅನುಸರಿಸುವ ಚಕ್ರದ ಮೂಲಕವೇ ಇಂಗಾಲದ ಡೈಆಕ್ಸೈಡನ್ನು ಹಿಡಿದು ದೇಹ ಕಟ್ಟಿಕೊಳ್ಳುತ್ತದೆ. ಆಕ್ಸಲೇಟ್ ಕೊಟ್ಟಾಗ ಆ ದಾರಿಯನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತದೆ. ಬೆಳಕಿನ ಹಂಗಿಲ್ಲದ ಬ್ಯಾಕ್ಟೀರಿಯವೊಂದು ಸಸ್ಯದ ರಸಾಯನಕ್ರಿಯೆಯನ್ನು ಬೇಕಾದಾಗ ಬಳಸಿ ಬೇಡವಾದಾಗ ಬಿಡುವುದು ಜೀವರಸಾಯನಶಾಸ್ತ್ರಕ್ಕೆ ಮಹತ್ವದ ವಿಷಯವಾಗಿತ್ತು. ಆಕ್ಸಲೇಟ್ ಮತ್ತು ಫಾರ್ಮೇಟ್ ಬಳಸುವ ಬ್ಯಾಕ್ಟೀರಿಯಗಳ ಅಧ್ಯಯನ 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಚಂದ್ರ ಮತ್ತು ಶೇಟ್ನ ಅವರಿಂದ ಮುಂದುವರಿಯಿತು.

ಹೀಗೆ ಜೀವಿ ಪ್ರಸಿದ್ಧವಾಯಿತು. ಆದರೆ ಅದರ ಹೆಸರು ಗಟ್ಟಿಯಾದ ನೆಲೆಯ ಮೇಲೆ ನಿಂತಿರಲಿಲ್ಲ.

ಗುರುತಿಸುವ ಮಾನದಂಡಗಳು

1953ರಲ್ಲಿ ಬ್ಯಾಕ್ಟೀರಿಯವೊಂದನ್ನು ಗುರುತಿಸುವುದೆಂದರೆ ಅದರ ಬಾಹ್ಯ ಲಕ್ಷಣಗಳನ್ನೂ ನಡವಳಿಕೆಯನ್ನೂ ಪಟ್ಟಿಮಾಡುವುದಾಗಿತ್ತು. ಕೋಶ ಗೋಲವೋ ಕಡ್ಡಿಯೋ. 1884ರಲ್ಲಿ ಗ್ರಾಂ ಎಂಬ ಡೆನ್ಮಾರ್ಕಿನ ವೈದ್ಯ ಕಂಡುಹಿಡಿದ ಬಣ್ಣವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆಯೋ ಬಿಡುತ್ತದೆಯೋ. ಈಜುವ ಕಶಾಂಗಗಳು ಎಲ್ಲಿವೆ. ಗಾಳಿ ಬೇಕೋ ಬೇಡವೋ. ಯಾವ ಸಕ್ಕರೆಗಳನ್ನು ತಿನ್ನುತ್ತದೆ, ಎಷ್ಟು ಉಪ್ಪನ್ನು ತಾಳುತ್ತದೆ - ಇಂಥ ಪ್ರಶ್ನೆಗಳಿಗೆ ದೊರೆತ ಉತ್ತರಗಳನ್ನು 1923ರಿಂದ ಪ್ರಕಟವಾಗುತ್ತ ಬಂದ ಬರ್ಜಿಯ ಕೈಪಿಡಿಯೊಡನೆ ಹೋಲಿಸಿ ನೋಡಲಾಗುತ್ತಿತ್ತು. ಈ ಕ್ರಮ ಪ್ರಯೋಜನಕಾರಿ. ಆದರೆ ಬಾಹ್ಯ ಸಾಮ್ಯ ರಕ್ತಸಂಬಂಧವನ್ನು ಸಾಧಿಸಲಾರದು. ಷಟ್ಪದಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಎರಡು ಕಾವ್ಯಗಳನ್ನು ಒಬ್ಬನೇ ಕವಿಗೆ ಆರೋಪಿಸಲಾಗದಷ್ಟೆ. 'ಸ್ಯೂಡೊಮೊನಾಸ್' ಕುಲ ಹೀಗೆ ದೂರದೂರದ ಸಂಬಂಧಿಗಳೆಲ್ಲ ಬಂದು ಸೇರಿದ ದೊಡ್ಡ ಚೀಲವಾಗಿತ್ತು. 1973ರಲ್ಲಿ ಪಲ್ಲೆರೋನಿ ಮತ್ತು ಅವನ ಸಹೋದ್ಯೋಗಿಗಳು ಆನುವಂಶಿಕ ವಸ್ತುವನ್ನೇ ಹೋಲಿಸಿ, ಆ ಕುಲದೊಳಗೆ ಐದು ಪ್ರತ್ಯೇಕ ಗುಂಪುಗಳಿವೆ ಎಂದು ತೋರಿಸಿಕೊಟ್ಟರು.

ಈ ಕ್ಷೇತ್ರದಲ್ಲಿ ನಿಜವಾದ ಪರಿವರ್ತನೆ ಬಂದುದು ಡಿಎನ್‌ಎಯನ್ನು ಅಕ್ಷರಶಃ ಓದಲು ಸಾಧ್ಯವಾದಾಗ. ಎಲ್ಲ ಬ್ಯಾಕ್ಟೀರಿಯಗಳಲ್ಲಿಯೂ ಇರುವ, ಪ್ರೋಟೀನು ಕಟ್ಟುವ ಯಂತ್ರದ ಭಾಗವಾದ '16ಎಸ್ ಆರ್‌ಆರ್‌ಎನ್‌ಎ' ಎಂಬ ಅಣುವಿನ ವಂಶವಾಹಿಯಲ್ಲಿ ಸುಮಾರು 1500 ಅಕ್ಷರಗಳಿವೆ. ಅದು ಬಹಳ ನಿಧಾನವಾಗಿ ಬದಲಾಗುತ್ತದೆ. ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ಇಂಥ ಅಣುಗಳ ಹೋಲಿಕೆಯಿಂದ ಜೀವಲೋಕದ ಮೂಲ ವಿಭಾಗಗಳನ್ನೇ ಹೊಸದಾಗಿ ಗುರುತಿಸಿದರು.

ಡಿ. ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥಸಂಪಾದನೆ'ಯನ್ನು ಅಭ್ಯಾಸ ಮಾಡಿದ ವಿದ್ಯಾರ್ಥಿಗೆ ಈ ವಿಧಾನ ಅಪರಿಚಿತವೆನಿಸದು. ಹಲವು ಪ್ರತಿಗಳಲ್ಲಿ ಒಂದೇ ಬಗೆಯ ಸ್ಖಾಲಿತ್ಯ ಕಂಡುಬಂದರೆ ಅವು ಒಂದೇ ಮಾತೃಕೆಯಿಂದ ಇಳಿದುಬಂದಿರಬೇಕೆಂದು ಸಂಪಾದಕ ಊಹಿಸುತ್ತಾನೆ. ಆ ಊಹೆಗಳನ್ನು ಜೋಡಿಸಿ ಪ್ರತಿಗಳ ವಂಶವೃಕ್ಷವನ್ನು ಬರೆಯುತ್ತಾನೆ. ಬ್ಯಾಕ್ಟೀರಿಯದ ವಂಶವೃಕ್ಷವೂ ಹೀಗೆಯೇ. ಕೋಶ ಎರಡಾಗುವಾಗಲೆಲ್ಲ ಡಿಎನ್‌ಎ ನಕಲಾಗುತ್ತದೆ. ಅಪರೂಪಕ್ಕೊಮ್ಮೆ ಅಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ಸಂತತಿಗೆ ಇಳಿಯುತ್ತದೆ. ಸಮಾನವಾಗಿ ಬಂದ ಬದಲಾವಣೆಗಳಿಂದ ಸಮಾನ ಪೂರ್ವಜನನ್ನು ಊಹಿಸಲಾಗುತ್ತದೆ. ಸಂಪಾದಕನನ್ನು ಕಾಡುವ ಪಾಠಸಂಕರದ ತೊಡಕೂ ಇಲ್ಲಿದೆ. ಎರಡು ಪ್ರತಿಗಳನ್ನು ಎದುರಿಟ್ಟುಕೊಂಡು ಮೂರನೆಯದನ್ನು ಬರೆದ ಪ್ರತಿಕಾರನಂತೆ, ಬ್ಯಾಕ್ಟೀರಿಯಗಳು ತಮ್ಮ ವಂಶದ್ದಲ್ಲದ ನೆರೆಯ ಜೀವಿಗಳಿಂದಲೂ ವಂಶವಾಹಿಗಳನ್ನು ಎರವಲು ಪಡೆಯುತ್ತವೆ. ಆದ್ದರಿಂದಲೇ ಒಂದು ವಂಶವಾಹಿಯ ಸಾಕ್ಷ್ಯವನ್ನಷ್ಟೇ ನಂಬದೆ ಇಡೀ ಜೀನೋಮನ್ನು ನೋಡಬೇಕೆಂಬ ಅಭಿಪ್ರಾಯ ಬಲವಾಯಿತು.

ಇಂದು ಬಳಕೆಯಲ್ಲಿರುವ ಅಳತೆಗಳು ಹೀಗಿವೆ. 16ಎಸ್ ವಂಶವಾಹಿ ಅತ್ಯಂತ ಸಮೀಪದ ತಿಳಿದ ಪ್ರಭೇದದೊಡನೆ ಶೇಕಡ 98.7ಕ್ಕಿಂತ ಕಡಿಮೆ ಹೋಲಿದರೆ, ಎಂದರೆ 1500 ಅಕ್ಷರಗಳಲ್ಲಿ ಸುಮಾರು ಇಪ್ಪತ್ತು ಬೇರೆಯಾದರೆ, ಅದು ಹೊಸ ಪ್ರಭೇದವಾಗಿರುವ ಸಾಧ್ಯತೆ ಬಲವಾಗಿದೆ. ಅದಕ್ಕಿಂತ ಹೆಚ್ಚು ಹೋಲಿದರೆ ಎರಡೂ ಒಂದೇ ಎಂದು ತೀರ್ಮಾನಿಸುವಂತಿಲ್ಲ. ಆಗ ಇಡೀ ಜೀನೋಮುಗಳನ್ನು ಹೋಲಿಸಬೇಕು. 1987ರಲ್ಲಿ ತಜ್ಞರ ಸಮಿತಿಯೊಂದು ಎರಡು ತಳಿಗಳ ಡಿಎನ್‌ಎ ಪರಸ್ಪರ ಬೆಸೆದುಕೊಳ್ಳುವ ಪ್ರಮಾಣ ಸುಮಾರು ಶೇಕಡ 70 ಇರಬೇಕೆಂದು ಸೂಚಿಸಿತ್ತು. ಈಗ ಆ ಸ್ಥಾನದಲ್ಲಿ ಜೀನೋಮುಗಳ ಸರಾಸರಿ ಅಕ್ಷರಸಾಮ್ಯ ಶೇಕಡ 95–96 ಎಂಬ ಗಡಿ ಬಂದಿದೆ. ಇದರೊಂದಿಗೆ ಕೋಶಪೊರೆಯ ಕೊಬ್ಬಿನಾಮ್ಲಗಳು, ಬೆಳವಣಿಗೆಯ ಉಷ್ಣತೆ, ಆಹಾರ ಮೊದಲಾದ ಹಳೆಯ ಲಕ್ಷಣಗಳನ್ನೂ ವರ್ಣಿಸಬೇಕಾಗುತ್ತದೆ. ಮನುಷ್ಯನೇ ಎಳೆದ ಈ ಗಡಿಗಳು ಪ್ರಕೃತಿಯಲ್ಲಿ ಬರೆದಿಟ್ಟ ಗೆರೆಗಳಲ್ಲ; ಆದರೆ ಎಲ್ಲರೂ ಒಪ್ಪಿದ ಗಡಿಯಿಲ್ಲದೆ ಹೋಲಿಕೆ ಸಾಧ್ಯವಿಲ್ಲ.

ಹೆಸರಿನ ಅಲೆದಾಟ

ಬ್ಯಾಕ್ಟೀರಿಯಗಳ ನಾಮಕರಣದಲ್ಲಿ 1980ರ ಜನವರಿ 1 ಒಂದು ನಿರ್ಣಾಯಕ ದಿನ. ಅದಕ್ಕೆ ಮೊದಲು, ಸಸ್ಯಶಾಸ್ತ್ರದಂತೆ, ಲಿನ್ನೇಯಸ್‌ನ ಕಾಲದ 1753ರಿಂದ ಪ್ರಕಟವಾದ ಎಲ್ಲ ಹೆಸರುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿತ್ತು. ವರ್ಣನೆಯಿಲ್ಲದ, ಜೀವಿಯೇ ಕಳೆದುಹೋದ, ಒಂದೇ ಜೀವಿಗೆ ಹತ್ತು ಬಾರಿ ಇಟ್ಟ ಸಾವಿರಾರು ಹೆಸರುಗಳು ರಾಶಿ ಬಿದ್ದಿದ್ದವು. ಈ ರಾಶಿಯನ್ನು ಜಾಲಿಸಿ, ಸಮರ್ಪಕ ವರ್ಣನೆಯೂ ಸಾಧ್ಯವಿದ್ದಲ್ಲಿ ಜೀವಂತ ಮಾದರಿಯೂ ಇರುವ ಹೆಸರುಗಳನ್ನಷ್ಟೇ ಉಳಿಸಿಕೊಂಡು 'ಅಂಗೀಕೃತ ಪಟ್ಟಿ'ಯೊಂದನ್ನು ಪ್ರಕಟಿಸಲಾಯಿತು. ಅದರಲ್ಲಿ ಉಳಿದ ಹೆಸರುಗಳು ಸುಮಾರು 2300. ಪಟ್ಟಿಯಲ್ಲಿ ಇಲ್ಲದ ಹೆಸರಿಗೆ ಅಂದಿನಿಂದ ಶಾಸ್ತ್ರೀಯ ಮಾನ್ಯತೆ ಇಲ್ಲವಾಯಿತು.

'ಸ್ಯೂಡೊಮೊನಾಸ್ ಆಕ್ಸಲಾಟಿಕಸ್' ಆ ಪಟ್ಟಿಯಲ್ಲಿ ಇರಲಿಲ್ಲ. ಪ್ರಯೋಗಾಲಯಗಳಲ್ಲಿ ಬದುಕಿದ್ದ, ಜೀವರಸಾಯನದ ಪ್ರಬಂಧಗಳಲ್ಲಿ ಉಲ್ಲೇಖವಾಗುತ್ತಿದ್ದ ಜೀವಿಯೊಂದು ಹೀಗೆ ನಾಮಶಾಸ್ತ್ರದ ದೃಷ್ಟಿಯಲ್ಲಿ ಅನಾಮಿಕವಾಯಿತು. ಅದರ ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆಯಬೇಕಾಯಿತು. ಆ ಚಿಹ್ನೆಗಳಿಗೆ ಅಲ್ಲಿ 'ಮಾನ್ಯತೆಯಿಲ್ಲದ್ದು' ಎಂದೇ ಅರ್ಥ.

ಇಪ್ಪತ್ತು ವರ್ಷಗಳ ಬಳಿಕ, 2000ದಲ್ಲಿ, ಸಾಹಿನ್ ಮತ್ತು ಸಂಗಡಿಗರು ತಳಿಭಂಡಾರದಲ್ಲಿದ್ದ ಆಕ್ಸ್ 1 ತಳಿಯನ್ನು ತರಿಸಿ, ಅದರ 16ಎಸ್ ವಂಶವಾಹಿಯನ್ನು ಓದಿ, ಅದು ಸ್ಯೂಡೊಮೊನಾಸ್ ಅಲ್ಲವೆಂದೂ 'ರಾಲ್‌ಸ್ಟೋನಿಯ' ಕುಲಕ್ಕೆ ಸೇರಬೇಕೆಂದೂ ನಿರ್ಣಯಿಸಿದರು. ಖಂಬಾಟ ಮತ್ತು ಭಟ್ ಇಟ್ಟಿದ್ದ ವಿಶೇಷಣ 'ರಾಲ್‌ಸ್ಟೋನಿಯ ಆಕ್ಸಲಾಟಿಕ' ಎಂಬ ರೂಪದಲ್ಲಿ ಮರುಜೀವ ಪಡೆಯಿತು.

ಆದರೆ ಆ ಮನೆಯೂ ಬಹುಕಾಲ ಉಳಿಯಲಿಲ್ಲ. ರಾಲ್‌ಸ್ಟೋನಿಯ ಕುಲದಲ್ಲಿಯೇ ಎರಡು ಸ್ಪಷ್ಟ ಶಾಖೆಗಳಿದ್ದವು. ಒಂದರಲ್ಲಿ ಟೊಮೆಟೊ, ಬದನೆ, ಆಲೂಗಡ್ಡೆಗಳಿಗೆ ದುಂಡಾಣು ಸೊರಗು ರೋಗ ತರುವ ರಾಲ್‌ಸ್ಟೋನಿಯ ಸೊಲನೇಸಿಯರಂ ಇತ್ತು. ವಯನಾಡು, ಕೊಡಗುಗಳ ಶುಂಠಿ ಬೆಳೆಗಾರರು ಬಲ್ಲ ಸೊರಗು ರೋಗದ ಕಾರಣವೂ ಈ ಶಾಖೆಯದೇ. 2014ರಲ್ಲಿ ಆದ ವಿಭಜನೆಯ ಬಳಿಕ ಅದು ರಾಲ್‌ಸ್ಟೋನಿಯ ಸ್ಯೂಡೊಸೊಲನೇಸಿಯರಂ ಎನಿಸಿಕೊಂಡಿದೆ. ಮಣ್ಣಿನ ನಿರುಪದ್ರವಿ ಆಕ್ಸಲೇಟ್ ಭಕ್ಷಕ ಇದ್ದುದು ಇನ್ನೊಂದು ಶಾಖೆಯಲ್ಲಿ. 2004ರಲ್ಲಿ ಈ ಎರಡನೆಯ ಶಾಖೆಯನ್ನು ಬೇರ್ಪಡಿಸಿ 'ವೌಟರ್ಸಿಯ' ಎಂಬ ಹೊಸ ಕುಲವನ್ನು ಸ್ಥಾಪಿಸಲಾಯಿತು. ಅದೇ ವರ್ಷ ವಾಂಡಾಮ್ ಮತ್ತು ಕೋನ್ಯೆ ಮತ್ತೊಂದು ಸಂಗತಿಯನ್ನು ತೋರಿಸಿದರು. ಮಕ್ಕರ್ ಮತ್ತು ಕ್ಯಾಸಿಡಾ 1987ರಲ್ಲಿಯೇ ಮಣ್ಣಿನ ಒಂದು ಬ್ಯಾಕ್ಟೀರಿಯಕ್ಕೆ 'ಕ್ಯುಪ್ರಿಯಾವಿಡಸ್' ಎಂಬ ಕುಲನಾಮವನ್ನು ಕೊಟ್ಟಿದ್ದರು; ಆ ಜೀವಿಯೂ ಈ ಶಾಖೆಯದೇ ಆಗಿತ್ತು. ಮೊದಲು ಬಂದ ಹೆಸರಿಗೇ ಅಧಿಕಾರವೆಂಬುದು ನಾಮಶಾಸ್ತ್ರದ ಮೂಲ ನಿಯಮ. ಹಾಗಾಗಿ ವೌಟರ್ಸಿಯ ಬಿದ್ದುಹೋಗಿ ಕ್ಯುಪ್ರಿಯಾವಿಡಸ್ ನಿಂತಿತು. 'ತಾಮ್ರಕ್ಕೆ ಹಾತೊರೆಯುವುದು' ಎಂದು ಆ ಹೆಸರಿನ ಅರ್ಥ. ಆಕ್ಸ್ 1 ತಳಿಯ ಈಗಿನ ಹೆಸರು ಕ್ಯುಪ್ರಿಯಾವಿಡಸ್ ಆಕ್ಸಲಾಟಿಕಸ್.

ಐವತ್ತೊಂದು ವರ್ಷಗಳಲ್ಲಿ ನಾಲ್ಕು ಕುಲನಾಮಗಳು. ಇದನ್ನು ವಿಜ್ಞಾನಿಗಳ ಚಪಲವೆಂದು ತಳ್ಳಿಹಾಕುವುದು ಸುಲಭ. ಆದರೆ ಒಂದೊಂದು ಬದಲಾವಣೆಯೂ ಸಂಬಂಧದ ಬಗ್ಗೆ ಮಾಡಿದ ಒಂದೊಂದು ಹೇಳಿಕೆ. ರೋಗಕಾರಕವೂ ನಿರುಪದ್ರವಿಯೂ ಒಂದೇ ಕುಲನಾಮವನ್ನು ಹೊತ್ತಿದ್ದ ನಾಲ್ಕು ವರ್ಷಗಳ ಗೊಂದಲವನ್ನು 2004ರ ಬದಲಾವಣೆ ಬಿಡಿಸಿತೆಂಬುದನ್ನು ಇಲ್ಲಿ ನೆನೆಯಬೇಕು. ಸಸ್ಯರೋಗದ ಹತೋಟಿ ಹೆಸರುಗಳ ಪಟ್ಟಿಯನ್ನು ನಂಬಿಯೇ ನಡೆಯುತ್ತದೆ.

ವಿಶೇಷಣದ ಲಿಂಗ

ಭಾಷಾವಿದ್ಯಾರ್ಥಿಗಳ ಗಮನಕ್ಕೆ ಬರಬೇಕಾದ ಒಂದು ಸೂಕ್ಷ್ಮ ಈ ಚರಿತ್ರೆಯಲ್ಲಿದೆ. ಕನ್ನಡದಲ್ಲಿ ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮರ ಎನ್ನುವಾಗ ಗುಣವಾಚಕ ಬದಲಾಗುವುದಿಲ್ಲ. ಸಂಸ್ಕೃತದಲ್ಲಿ ವಿಶೇಷಣ ವಿಶೇಷ್ಯದ ಲಿಂಗವನ್ನು ಅನುಸರಿಸುತ್ತದೆ: ಸುಂದರಃ, ಸುಂದರೀ, ಸುಂದರಮ್. ಲ್ಯಾಟಿನ್ ಈ ವಿಷಯದಲ್ಲಿ ಸಂಸ್ಕೃತದ ಬಳಗದ್ದು. ಬ್ಯಾಕ್ಟೀರಿಯದ ಹೆಸರಿನಲ್ಲಿಯೂ ಪ್ರಭೇದಸೂಚಕ ಗುಣವಾಚಕ ಕುಲನಾಮದ ಲಿಂಗವನ್ನೇ ಹೊಂದಬೇಕೆಂಬುದು ನಿಯಮ.

'ಸ್ಯೂಡೊಮೊನಾಸ್' ಸ್ತ್ರೀಲಿಂಗ. ಆದ್ದರಿಂದ 1953ರಲ್ಲಿ 'ಆಕ್ಸಲಾಟಿಕ' ಎಂಬ ಸ್ತ್ರೀಲಿಂಗರೂಪ ಬರಬೇಕಾಗಿತ್ತು. ಬಂದುದು 'ಆಕ್ಸಲಾಟಿಕಸ್' ಎಂಬ ಪುಲ್ಲಿಂಗರೂಪ. ರಾಲ್‌ಸ್ಟೋನಿಯ, ವೌಟರ್ಸಿಯ ಎರಡೂ ಸ್ತ್ರೀಲಿಂಗಗಳಾದ್ದರಿಂದ ಅಲ್ಲಿ 'ಆಕ್ಸಲಾಟಿಕ' ಎಂದಾಯಿತು. 'ಕ್ಯುಪ್ರಿಯಾವಿಡಸ್' ಪುಲ್ಲಿಂಗ, ಆದ್ದರಿಂದ ಮತ್ತೆ 'ಆಕ್ಸಲಾಟಿಕಸ್'. ಮೊದಲು ವ್ಯಾಕರಣಕ್ಕೆ ವಿರುದ್ಧವಾಗಿದ್ದ ರೂಪವೇ ಅರ್ಧ ಶತಮಾನದ ಅಲೆದಾಟದ ಕೊನೆಯಲ್ಲಿ ವ್ಯಾಕರಣಶುದ್ಧವಾಗಿ ಮರಳಿತು. ಜೀವಿವಿಜ್ಞಾನಕ್ಕೂ ಶಬ್ದಶಾಸ್ತ್ರಕ್ಕೂ ಇರುವ ನಂಟನ್ನು ತೋರಿಸಲು ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಮಾದರಿ ತಳಿಯೆಂಬ ಮೂಲಪ್ರತಿ

ಇಷ್ಟೆಲ್ಲ ಬದಲಾವಣೆಗಳ ನಡುವೆ ಬದಲಾಗದೆ ಉಳಿದುದು ಒಂದೇ: ಆಕ್ಸ್ 1 ಎಂಬ ತಳಿ. ಜರ್ಮನಿಯ ತಳಿಭಂಡಾರದಲ್ಲಿ 1105 ಎಂಬ ಸಂಖ್ಯೆಯಡಿ, ಅಮೆರಿಕೆಯ ಭಂಡಾರದಲ್ಲಿ 11883 ಎಂಬ ಸಂಖ್ಯೆಯಡಿ ಅದು ಜೀವಂತವಾಗಿ ಉಳಿದಿತ್ತು. ಬ್ಯಾಕ್ಟೀರಿಯಗಳನ್ನು ಘನೀಕರಿಸಿ ನೀರಿನಂಶ ತೆಗೆದು ಗಾಜಿನ ಸಣ್ಣ ಕೊಳವೆಯಲ್ಲಿ ಮುಚ್ಚಿಟ್ಟರೆ ದಶಕಗಳ ಬಳಿಕವೂ ಅವು ಮರಳಿ ಬೆಳೆಯಬಲ್ಲವು. ಹೆಸರನ್ನು ಹೊತ್ತಿರುವ ಈ ಜೀವಂತ ಸಾಕ್ಷಿಗೆ 'ಮಾದರಿ ತಳಿ' ಎಂದು ಹೆಸರು. ವರ್ಣನೆಯಲ್ಲಿ ಸಂದೇಹ ಬಂದರೆ ಅದನ್ನು ತೆರೆದು ನೋಡಬಹುದು. 1953ರ ವಿಜ್ಞಾನಿಗಳು ಊಹಿಸಲೂ ಆಗದಿದ್ದ ಪರೀಕ್ಷೆಯನ್ನು 2000ದ ವಿಜ್ಞಾನಿಗಳು ಅದೇ ಜೀವಿಯ ಮೇಲೆ ನಡೆಸಲು ಸಾಧ್ಯವಾದುದು ಇದರಿಂದಲೇ. ಆಕ್ಸ್ 1 ಒಂದೇ ಪ್ರಯೋಗಾಲಯದ ಕಪಾಟಿನಲ್ಲಿ ಉಳಿದು ಅಲ್ಲಿಯೇ ಸತ್ತಿದ್ದರೆ, ಖಂಬಾಟ ಮತ್ತು ಭಟ್ ಅವರ ಪ್ರಬಂಧ ಇದ್ದರೂ ಅವರು ಕಂಡ ಜೀವಿ ಯಾವುದೆಂದು ಇಂದು ಯಾರೂ ಹೇಳಲಾಗುತ್ತಿರಲಿಲ್ಲ.

ಈ ಅನುಭವವೇ ನಿಯಮವಾಗಿದೆ. 2001ರ ಜನವರಿ 1ರಿಂದ ಹೊಸ ಪ್ರಭೇದದ ಮಾದರಿ ತಳಿಯನ್ನು ಬೇರೆಬೇರೆ ದೇಶಗಳ ಕನಿಷ್ಠ ಎರಡು ಸಾರ್ವಜನಿಕ ಭಂಡಾರಗಳಲ್ಲಿ ಇಡಲೇಬೇಕು. ಕೇಳಿದ ಸಂಶೋಧಕರಿಗೆ ಅದು ನಿರ್ಬಂಧವಿಲ್ಲದೆ ದೊರೆಯಬೇಕು. ಭಾರತದಲ್ಲಿ ಚಂಡೀಗಢದ ಸೂಕ್ಷ್ಮಜೀವಿ ಭಂಡಾರ ಹಾಗೂ ಪುಣೆಯ ರಾಷ್ಟ್ರೀಯ ಸೂಕ್ಷ್ಮಜೀವಿ ಸಂಪನ್ಮೂಲ ಕೇಂದ್ರಗಳು ಈ ಕೆಲಸ ಮಾಡುತ್ತಿವೆ.

ಇಲ್ಲಿಯೇ ಒಂದು ಗಂಭೀರವಾದ ತೊಡಕು ಎದುರಾಗುತ್ತದೆ. ನಾಡಿನ ಜೀವಸಂಪತ್ತನ್ನು ಹೊರಗಿನವರು ಕೊಂಡೊಯ್ದು ಲಾಭ ಮಾಡಿಕೊಳ್ಳುವುದನ್ನು ತಡೆಯಲು ಭಾರತ 2002ರಲ್ಲಿ ಜೈವಿಕ ವೈವಿಧ್ಯ ಕಾಯ್ದೆಯನ್ನು ತಂದಿತು. ಅದರ ಪ್ರಕಾರ ಇಲ್ಲಿಯ ಜೀವಿಗಳನ್ನು ವಿದೇಶದವರಿಗೆ ಒದಗಿಸುವುದು ಅನುಮತಿಗೆ ಒಳಪಟ್ಟ ವಿಷಯ. ಕಾಯ್ದೆಯ ಉದ್ದೇಶ ನ್ಯಾಯವಾದುದು. ನಿರ್ಬಂಧವಿಲ್ಲದ ಲಭ್ಯತೆಯನ್ನು ಬಯಸುವ ನಾಮಶಾಸ್ತ್ರದ ನಿಯಮವೂ ನ್ಯಾಯವಾದುದೇ. ಎರಡರ ನಡುವೆ ಸಿಲುಕಿದವನು ಸಂಶೋಧಕ. ಎಡಪ್ಪಳ್ಳಿಯ ಹಿತ್ತಿಲಿನ ಮಣ್ಣಿನಲ್ಲಿ ನಿಜವಾಗಿಯೂ ಹೊಸ ಪ್ರಭೇದವೊಂದು ದೊರೆತಿತೆನ್ನೋಣ. ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದಂಥ ಸಂಸ್ಥೆಗಳಿರುವ ಇಂದಿನ ದಿನಗಳಲ್ಲಿ ಅದರ ಜೀನೋಮನ್ನು ಓದುವುದು ದೊಡ್ಡ ಸಮಸ್ಯೆಯಲ್ಲ. ಆದರೆ ಎರಡನೆಯ ದೇಶದ ಭಂಡಾರದ ಸ್ವೀಕೃತಿಪತ್ರವಿಲ್ಲದೆ ಅದರ ಹೆಸರಿಗೆ ಮಾನ್ಯತೆ ದೊರೆಯದು. 1953ರ ತಳಿ ಯಾವ ಅನುಮತಿಯ ಪ್ರಶ್ನೆಯೂ ಇಲ್ಲದ ಕಾಲದಲ್ಲಿ ಹೊರದೇಶಕ್ಕೆ ಹೋಗಿ ಅಲ್ಲಿಯೇ ಉಳಿದುಕೊಂಡಿತು ಎಂಬುದು ಈ ಚರ್ಚೆಯ ಎರಡೂ ಪಕ್ಷಗಳಿಗೆ ಸಾಕ್ಷ್ಯ ಒದಗಿಸುತ್ತದೆ.

ಬೆಳೆಸಲಾಗದ ಜೀವಿಗಳ ಪ್ರಶ್ನೆ ಇನ್ನೂ ಜಟಿಲ. ಮಣ್ಣಿನಿಂದ ನೇರವಾಗಿ ಡಿಎನ್‌ಎ ತೆಗೆದು ಓದಿದಾಗ, ಯಾರೂ ಎಂದೂ ಬೆಳೆಸದ ಸಾವಿರಾರು ಬ್ಯಾಕ್ಟೀರಿಯಗಳ ಸುಳಿವು ಸಿಗುತ್ತದೆ. ಆ ಅಕ್ಷರಮಾಲೆಯನ್ನೇ ಮಾದರಿಯೆಂದು ಒಪ್ಪಿ ಹೆಸರಿಡಬಹುದೆ? ಈ ಸಲಹೆಯನ್ನು ಅಂತರರಾಷ್ಟ್ರೀಯ ಸಮಿತಿ 2020ರಲ್ಲಿ ತಿರಸ್ಕರಿಸಿತು. ಅದನ್ನು ಒಪ್ಪದ ವಿದ್ವಾಂಸರು 2022ರಲ್ಲಿ 'ಸೆಕ್‌ಕೋಡ್' ಎಂಬ ಪ್ರತ್ಯೇಕ ನಿಯಮಾವಳಿಯನ್ನು ಪ್ರಕಟಿಸಿ ಜೀನೋಮನ್ನೇ ಮಾದರಿಯಾಗಿ ಸ್ವೀಕರಿಸಿದರು. ಸುಟ್ಟುಹೋದ ಓಲೆಯ ಕಾಗದದ ನಕಲನ್ನು ಆಧರಿಸಿ ಕೃತಿಯನ್ನು ಸಂಪಾದಿಸಬಹುದೆ ಎಂಬ ಪ್ರಶ್ನೆಯನ್ನು ಇದು ನೆನಪಿಗೆ ತರುತ್ತದೆ. ಬೇರೆ ಆಧಾರವಿಲ್ಲದಾಗ ಸಂಪಾದಕ ಅದನ್ನು ಒಪ್ಪುತ್ತಾನೆ. ಆದರೆ ಅದು ನಕಲೆಂಬುದನ್ನು ಪೀಠಿಕೆಯಲ್ಲಿ ತಿಳಿಸುತ್ತಾನೆ. ಬ್ಯಾಕ್ಟೀರಿಯಶಾಸ್ತ್ರದಲ್ಲಿಯೂ ಎರಡು ಪಟ್ಟಿಗಳು ಸದ್ಯಕ್ಕೆ ಜೊತೆಜೊತೆಯಾಗಿ ನಡೆದಿವೆ.

ಮಾನ್ಯ ಹೆಸರುಗಳ ಸಂಖ್ಯೆ 1980ರ ಸುಮಾರು 2300ರಿಂದ ಇಂದು ಇಪ್ಪತ್ತು ಸಾವಿರವನ್ನು ಮೀರಿದೆ. ಮಣ್ಣಿನಲ್ಲಿರುವುದರ ಮುಂದೆ ಇದೂ ಅತ್ಯಲ್ಪ. ಪಶ್ಚಿಮ ಕರಾವಳಿಯ ಮುರಕಲ್ಲಿನ ನೆಲದಲ್ಲಿ ರಸ್ತೆ, ಕಟ್ಟಡ, ಕಲ್ಲುಕೋರೆಗಳಿಗಾಗಿ ಮೇಲ್ಮಣ್ಣು ದಿನದಿನವೂ ಕೆತ್ತಿಹೋಗುತ್ತಿದೆ. ಓಲೆಗರಿಗಳನ್ನು ಹುಳು ತಿನ್ನುವ ಮೊದಲು ಮನೆಮನೆಗೆ ಹೋಗಿ ಸಂಗ್ರಹಿಸಿದ ಹಿರಿಯರ ಶ್ರಮದಿಂದ ಕನ್ನಡ ಸಾಹಿತ್ಯದ ಚರಿತ್ರೆ ಸಾಧ್ಯವಾಯಿತು. ಮಣ್ಣಿನ ಜೀವಿಗಳ ವಿಷಯದಲ್ಲಿ ಆ ಬಗೆಯ ಸಂಗ್ರಹಕಾರ್ಯ ಈ ಭಾಗದಲ್ಲಿ ಇನ್ನೂ ವ್ಯಾಪಕವಾಗಿ ನಡೆಯಬೇಕಾಗಿದೆ. ಬೇರ್ಪಡಿಸಿದ ತಳಿಯನ್ನು ಭಂಡಾರಕ್ಕೆ ಒಪ್ಪಿಸಿ, ಅದರ ಸಂಖ್ಯೆಯನ್ನು ಬರೆದಿಟ್ಟರೆ, ಇಂದು ಇಟ್ಟ ಹೆಸರು ತಪ್ಪಾಗಿದ್ದರೂ ಮುಂದೆ ಬರುವವರು ಅದನ್ನು ತಿದ್ದಿಕೊಳ್ಳಬಲ್ಲರು.